ಕುಮಾರಧಾರೆಯಿಂದ ಅಳಿವೆಯವರೆಗೆ

ಘಟ್ಟದ ಬುಡದ ಸುಬ್ರಹ್ಮಣ್ಯಕ್ಕೂ ಮಂಗಳೂರಿನ ಕಡಲಿಗೂ ನಡುವೆ ಸುಮಾರು 100 ಕಿಲೋಮೀಟರುಗಳ ನೆಲವಿದೆಯಾದರೂ, ದೋಣಿಯನ್ನು ನೀರಿಗಿಳಿಸುವ ಮುನ್ನ ಗಾಳಿಯನ್ನೂ ತೆರೆಯನ್ನೂ ಭರತ-ಇಳಿತಗಳನ್ನೂ ಪರೀಕ್ಷಿಸುವ ಕರಾವಳಿಯ ಪುರಾತನ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವನು ಇವೆರಡನ್ನೂ ಅಗಲಿಸಿ ನೋಡಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ. 1712 ಮೀಟರ್ ಎತ್ತರದ ಕುಮಾರಪರ್ವತದ ಮೇಲೆ ಸುರಿದ ಮಳೆಯು ಕುಮಾರಧಾರೆಯಾಗಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಬಂಟ್ವಾಳ ಪಾಣೆಮಂಗಳೂರುಗಳನ್ನು ದಾಟಿ, ಉಳ್ಳಾಲದ ಬಳಿ ಸಮುದ್ರವನ್ನು ಸೇರುವಾಗ, ಅಳಿವೆಯ ಮರಳದಿಬ್ಬವನ್ನು ಒಂದೆಡೆ ಕೊರೆದು ಇನ್ನೊಂದೆಡೆ ಬೆಳೆಸುತ್ತದೆ. ಆದುದರಿಂದ ಅಳಿವೆಬಾಗಿಲಲ್ಲಿ ನಿಂತು ಕಡಲನ್ನು ಓದುತ್ತಿದ್ದ ಮೀನುಗಾರ ಮೊಗವೀರನು ಅರಿತೋ ಅರಿಯದೆಯೋ ಮಲೆಯ ಮಳೆಯನ್ನೂ ಓದುತ್ತಿದ್ದನು.

ಸೇತುವೆಗಳಿಲ್ಲದ ಕಾಲದಲ್ಲಿ ಸುಬ್ರಹ್ಮಣ್ಯದ ಹೊಳೆಯನ್ನು ದಾಟಬೇಕಾಗಿದ್ದವರಿಗೂ ಇದೇ ಬಗೆಯ ವಿವೇಕ ಅವಶ್ಯವಾಗಿತ್ತು. ಸ್ನಾನಘಟ್ಟದ ಮೇಲೆ ಬಿಸಿಲು ಬಿದ್ದಿರುವಾಗಲೂ ಬೆಟ್ಟದ ನೆತ್ತಿ ಮೋಡದಲ್ಲಿ ಮುಳುಗಿರಬಹುದು. ತಿಳಿಯಾಗಿದ್ದ ನೀರು ಕೆಂಪಡರಿ, ತರಗೆಲೆಯೂ ಮುರಿದ ಕಡ್ಡಿಗಳೂ ತೇಲಿಬರತೊಡಗಿ, ನೋಡುನೋಡುತ್ತಿರುವಂತೆ ಒಂದು ಮೆಟ್ಟಿಲು ಕಾಣದಾಯಿತೆಂದರೆ, ಬಲ್ಲವರು ಮರುಮಾತಿಲ್ಲದೆ ದಡ ಹತ್ತುತ್ತಾರೆ. ಕಡಬದ ಹಾದಿಯ ಹೊಸ್ಮಠದ ಮುಳುಗುಸೇತುವೆಯು ಪ್ರತಿ ಮಳೆಗಾಲವೂ ನೀರೊಳಗಾಗಿ, ಇತ್ತೀಚಿನವರೆಗೂ ಈ ಪಾಠವನ್ನು ಬಸ್ಸಿನ ಪ್ರಯಾಣಿಕರಿಗೆ ಕಲಿಸುತ್ತಿತ್ತು.

ಹೊರಡಬಾರದ ಋತುವನ್ನು ಗುರುತಿಸಿಕೊಂಡದ್ದೇ ಈ ವಿದ್ಯೆಯ ಮೊದಲ ಭಾಗ. ತುಳುವರ ಮಳೆಗಾಲದ ಕಾರ್ತೆಲು, ಆಟಿ ತಿಂಗಳುಗಳಲ್ಲಿ ನೈಋತ್ಯದ ಗಾಳಿ ಕಡಲನ್ನು ಮುಚ್ಚಿಬಿಡುತ್ತಿತ್ತು. ಶ್ರಾವಣದ ನೂಲಹುಣ್ಣಿಮೆಯಂದು ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿ ಸಮುದ್ರಪೂಜೆ ಮಾಡಿದ ತರುವಾಯವೇ ದೋಣಿಗಳು ಹೊರಡುವುದು ಸಂಪ್ರದಾಯ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಏಡನ್ನಿಗೆ ಕಾಳುಮೆಣಸು, ಅಡಿಕೆ, ಕಬ್ಬಿಣಗಳನ್ನು ಕಳುಹಿಸುತ್ತಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ವ್ಯಾಪಾರವೂ ಈ ಗಾಳಿಯ ಪಂಚಾಂಗಕ್ಕೆ ಅಧೀನವಾಗಿತ್ತು. ಮಾರ್ಗಶಿರದ ಚಂಪಾಷಷ್ಠಿಗೆ ಸುಬ್ರಹ್ಮಣ್ಯದಲ್ಲಿ ಜಾತ್ರೆ ಸೇರುವ ಹೊತ್ತಿಗೆ, ಕುಲ್ಕುಂದದಲ್ಲಿ ದನಗಳ ಸಂತೆ ನೆರೆಯುವ ಹೊತ್ತಿಗೆ, ಘಟ್ಟದ ಹಾದಿಯೂ ಕಡಲ ಹಾದಿಯೂ ಜೊತೆಯಾಗಿಯೇ ತೆರೆದಿರುತ್ತಿದ್ದುವೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಆ ಒಳ್ಳೆಯ ಋತುವಿನಲ್ಲಿ ರಾತ್ರಿ ತಂಪೇರಿದ ನೆಲದಿಂದ ಕಡಲಿನತ್ತ ಬೀಸುವ ಮೂಡುಗಾಳಿಯು ಬೆಳಗಿನ ಜಾವದ ಹಾಯಿದೋಣಿಯನ್ನು ಹೊರಗೊಯ್ಯುತ್ತಿತ್ತು. ಮಧ್ಯಾಹ್ನದ ಪಡುಗಾಳಿ ಅದನ್ನು ಮರಳಿ ದಡಕ್ಕೆ ತರುತ್ತಿತ್ತು. ಉಬ್ಬರಕ್ಕೆ ಪಂಚಾಂಗವೇ ಆಧಾರ. ಚಂದ್ರನ ದಿನವು ಸೂರ್ಯನ ದಿನಕ್ಕಿಂತ ಸುಮಾರು 50 ನಿಮಿಷ ದೀರ್ಘವಾದುದರಿಂದ ಭರತವು ನಿತ್ಯವೂ ಎರಡು ಘಳಿಗೆಯಷ್ಟು ತಡವಾಗುವುದೆಂದೂ, ಅಮಾವಾಸ್ಯೆ ಹುಣ್ಣಿಮೆಗಳ ಸಮೀಪ ಅದು ಪ್ರಬಲವಾಗಿ ಅಷ್ಟಮಿಯ ಸುಮಾರಿಗೆ ಕುಗ್ಗುವುದೆಂದೂ ತಿಥಿ ಬಲ್ಲವನು ಎಣಿಸಬಹುದಾಗಿತ್ತು. ಆದರೆ ಲೆಕ್ಕ ಸರಿಬಂದ ಮಾತ್ರಕ್ಕೆ ಹೊರಡಲಾಗದು. ದೋಣಿಯ ಮುಂದಾಳಾದ ತಾಂಡೇಲನು ಮರಳ ಮೇಲೆ ನಿಂತು, ತೆರೆ ಎಲ್ಲಿ ಬಿಳಿಯಾಗಿ ಒಡೆಯುತ್ತಿದೆ, ಎಲ್ಲಿ ಒಡೆಯದೆ ಉಬ್ಬಿ ಸಾಗುತ್ತಿದೆ ಎಂದು ನೋಡುತ್ತಾನೆ. ಒಡೆಯದಿರುವಲ್ಲಿ ಆಳ, ಅಲ್ಲಿಯೇ ದಾರಿ. ದೊಡ್ಡ ತೆರೆಗಳು ಗುಂಪಾಗಿ ಬಂದುಹೋಗಿ ಕಡಲು ಕ್ಷಣಕಾಲ ಉಸಿರು ಬಿಟ್ಟಂತಾದಾಗ, ಅವನು ಕೂಗಿದೊಡನೆ ಎಲ್ಲರೂ ಏಕಕಾಲಕ್ಕೆ ಹೆಗಲು ಕೊಟ್ಟು ದೋಣಿಯನ್ನು ನೂಕುತ್ತಾರೆ. ಇಳಿತದ ನೀರು ಹೊರಕ್ಕೆ ಧಾವಿಸುತ್ತಿರುವಾಗ ಎದುರಿನಿಂದ ಪಡುಗಾಳಿಯ ತೆರೆ ಬಂದು ಬಡಿದರೆ ಅಳಿವೆಬಾಗಿಲು ಅತ್ಯಂತ ಭಯಂಕರವಾಗುತ್ತದೆ. ಆ ಹೊತ್ತಿಗೆ ಮೇಲಿನಿಂದ ಕುಮಾರಧಾರೆ-ನೇತ್ರಾವತಿಗಳ ಕೆನ್ನೀರೂ ಸೇರಿತೆಂದರೆ ಯಾವ ಅನುಭವಿಯೂ ಸಾಹಸಕ್ಕಿಳಿಯನು.

ಇದೇ ಸಂಗಮದ ವಿಪರೀತರೂಪವೆಂದರೆ ನೆರೆ. ಏರಿಬಂದ ಭರತವು ಅಳಿವೆಯಲ್ಲಿ ಹೊಳೆಗೆ ಅಡ್ಡನಿಂತಾಗ ಹಿಂದಿನ ನೀರಿಗೆ ದಾರಿ ಸಂಕುಚಿತವಾಗುತ್ತದೆ. ಬಂಟ್ವಾಳ ಸೀಮೆಯ ಜನ ‘ಮಾರಿಬೊಳ್ಳ’ವೆಂದು ನೆನೆಯುವ 1923ರ ಮಹಾಪ್ರವಾಹವನ್ನೂ, 1974ರ ನೆರೆಯನ್ನೂ ಹಿರಿಯರು ಇಂದಿಗೂ ಕಾಲಗಣನೆಯ ಗುರುತುಗಳನ್ನಾಗಿ ಬಳಸುತ್ತಾರೆ.

ಈ ಕಣ್ಣಳತೆಯ ವಿದ್ಯೆಗೆ ಕ್ರಮೇಣ ಸರ್ಕಾರದ ಲೆಕ್ಕವೂ ಜೊತೆಗೂಡಿತು. 1864ರಲ್ಲಿ ಕಲ್ಕತ್ತೆಯನ್ನು ಧ್ವಂಸಗೊಳಿಸಿದ ಚಂಡಮಾರುತವೂ ಅನಂತರದ ಕ್ಷಾಮಗಳೂ ಸರ್ಕಾರವನ್ನು ಎಚ್ಚರಿಸಲಾಗಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಬಂದರುಗಳ ಕಂಬಗಳ ಮೇಲೆ ಹಗಲು ಶಂಕುಗಳೂ ಇರುಳು ದೀಪಗಳೂ ಬಿರುಗಾಳಿಯ ಸೂಚನೆ ನೀಡತೊಡಗಿದುವು. ಸರ್ವೇ ಇಲಾಖೆಯ ಮುದ್ರಿತ ಪಟ್ಟಿಗಳು ಉಬ್ಬರದ ವೇಳೆಯನ್ನು ನಿಮಿಷಕ್ಕೆ ತಂದುವು. ದೊಡ್ಡ ಹಡಗುಗಳ ಮಟ್ಟಿಗೆ ಅಳಿವೆಯ ಮರಳಿನ ತೊಡಕು, ನದೀಮುಖದಿಂದ ದೂರದ ಪಣಂಬೂರಿನಲ್ಲಿ 1974ರಲ್ಲಿ ನವಮಂಗಳೂರು ಬಂದರು ಪ್ರಾಪ್ತವಾದಾಗ ನೀಗಿತು. ಇಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ತೆರೆಯ ಎತ್ತರವನ್ನೂ ಗಾಳಿಯ ವೇಗವನ್ನೂ ಮುಂಚಿತವಾಗಿ ತಿಳಿಸುತ್ತದೆ. ಅದನ್ನು ಮೀನುಗಾರನೂ ನೋಡುತ್ತಾನೆ, ಮೂಲ್ಕಿ-ಸಸಿಹಿತ್ಲುಗಳಲ್ಲಿ ಹಲಗೆಯೇರಿ ತೆರೆಯಾಟವಾಡುವ ತರುಣರೂ ನೋಡುತ್ತಾರೆ.

ಆದಾಗ್ಯೂ ಅಳಿವೆಯ ದಿಬ್ಬವು ಈ ವರ್ಷದ ಮಳೆಯಲ್ಲಿ ಎತ್ತ ಸರಿದಿದೆಯೆಂಬುದನ್ನು ಅಲ್ಲಿಯೇ ನಿಂತು ನೋಡಬೇಕು. ಆಟಿಯ ದಿನಗಳಲ್ಲಿ ನಮ್ಮ ಪತ್ರಿಕೆಗಳು ಉಪ್ಪಿನಂಗಡಿ, ಬಂಟ್ವಾಳಗಳ ನೀರಿನ ಮಟ್ಟವನ್ನು ಮುದ್ರಿಸುವಾಗ ಅದರ ಮಗ್ಗುಲಲ್ಲಿಯೇ ಸುಬ್ರಹ್ಮಣ್ಯದ ಮಳೆಯನ್ನೂ ಮಂಗಳೂರಿನ ಭರತದ ವೇಳೆಯನ್ನೂ ಕೊಟ್ಟರೆ, ನದಿಯ ಎರಡೂ ತುದಿಯ ಜನರಿಗೆ ಉಪಕಾರವಾದೀತು.