ಎರಡು ಸೇರುಗಳು: ಒಂದು ಹಳ್ಳಿಯ ವಸ್ತುಸಂಗ್ರಹದಿಂದ

ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ಹಳ್ಳಿಯಲ್ಲಿ, ಹಳೆಯ ಶಾಲೆಯೊಂದರ ಎರಡು ಕೋಣೆಗಳಲ್ಲಿ, ಊರವರು ಸೇರಿ ಬೇಸಾಯದ ಸಲಕರಣೆಗಳನ್ನೂ ಮನೆಬಳಕೆಯ ಹಳೆಯ ವಸ್ತುಗಳನ್ನೂ ಕೂಡಿಸಿಟ್ಟಿದ್ದಾರೆ. ನೇಗಿಲು, ನೊಗ, ಗದ್ದೆ ಮಟ್ಟಮಾಡುವ ಹಲಗೆ, ನೀರು ಮೊಗೆಯುವ ಕೈದಂಬೆ, ಅಡಿಕೆ ಹಾಳೆಯ ಮುಟ್ಟಾಳೆ, ನೇಜಿ ನೆಡುವಾಗ ಹೆಂಗಸರು ಮಳೆಗೆ ಬೆನ್ನಮೇಲೆ ಹೊದೆಯುತ್ತಿದ್ದ ಗೊರಬೆ, ಒನಕೆ, ಗೆರಸೆ, ಕಣಜ ಹೀಗೆ ನೂರಕ್ಕೆ ಕಡಿಮೆಯಿಲ್ಲದಷ್ಟು ವಸ್ತುಗಳು ಅಲ್ಲಿವೆ. ಅದಕ್ಕೆ ವಸ್ತುಸಂಗ್ರಹಾಲಯವೆಂಬ ದೊಡ್ಡ ಹೆಸರು ಸಲ್ಲುವುದೋ ಇಲ್ಲವೋ. ನಮ್ಮೂರಿನವರು ಅದನ್ನು 'ಹಳೆ ಸಾಮಾನಿನ ಕೋಣೆ' ಎಂದೇ ಕರೆಯುತ್ತಾರೆ.

ಪ್ರತಿಯೊಂದು ವಸ್ತುವಿನ ಮುಂದೆ ಎರಡೂ ಭಾಷೆಗಳಲ್ಲಿ ಒಂದು ಚೀಟಿ ಇರಬೇಕೆಂದು ತೀರ್ಮಾನವಾದಾಗ ಕನ್ನಡದ ಚೀಟಿಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಲಯಾಳದ್ದನ್ನು ಬರೆಯಲು ನನ್ನೊಡನೆ ಮೊದಲು ಕೆಲಸ ಮಾಡಿದ ಮಲಯಾಳ ಅಧ್ಯಾಪಕರೊಬ್ಬರು ಒಪ್ಪಿದರು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸವೆಂದು ಇಬ್ಬರೂ ಭಾವಿಸಿದ್ದೆವು. ನೇಗಿಲಿಗೆ ಕಲಪ್ಪ, ನೊಗಕ್ಕೆ ನುಗಂ, ಕಣಜಕ್ಕೆ ಪತ್ತಾಯಂ ಎಂದು ಜೋಡಿ ಹೆಸರುಗಳು ಸುಲಭವಾಗಿಯೇ ಸಿಕ್ಕಿದವು. ನಮ್ಮ ಏಣೆಲು, ಸುಗ್ಗಿ, ಕೊಳಕೆ ಬೆಳೆಗಳ ಪಕ್ಕದಲ್ಲಿ ಅವರು ವಿರಿಪ್ಪು, ಮುಂಡಗನ್, ಪುಂಜ ಎಂದು ಬರೆದರು. ಮಳೆಯೂ ಮಣ್ಣೂ ಒಂದೇ ಆಗಿರುವಾಗ ಮಾತುಗಳು ಹೀಗೆ ಜೊತೆಜೊತೆಯಾಗಿ ನಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಕೆಲಸ ನಿಂತದ್ದು ಅಳತೆಯ ಸಾಮಾನುಗಳ ಮುಂದೆ.

ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಎಂದರೆ ಮುಡಿಯೊಂದಕ್ಕೆ 42 ಸೇರು. ತೆಂಕಣ ಮಲಬಾರಿನ ಲೆಕ್ಕ ಬೇರೆ. ಅಲ್ಲಿ 4 ನಾಳಿಗೆ ಒಂದು ಇಡಂಗಳಿ, 10 ಇಡಂಗಳಿಗೆ ಒಂದು ಪರ. ಈ ಎರಡು ಲೆಕ್ಕಗಳು ಎದುರುಬದುರಾಗುವ ನೆಲ ನಮ್ಮದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಹೊರಟು ಹೊಸದುರ್ಗ, ಕುಂಬಳೆ, ಮಂಜೇಶ್ವರಗಳ ದಾರಿಯಾಗಿ ಮಂಗಳೂರಿಗೆ ಸಾಗಿದಾಗ ದಾರಿಯುದ್ದಕ್ಕೂ ಬೆಳೆ, ಗೇಣಿ, ಅಳತೆಗಳ ವಿವರಗಳನ್ನು ಬರೆದುಕೊಂಡೇ ಹೋದ. ಹೊಸದಾಗಿ ಕೈಗೆ ಬಂದ ನಾಡಿನಿಂದ ಏನು ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ ಎಂಬುದು ಅವನನ್ನು ಕಳುಹಿಸಿದ ಕಂಪೆನಿಗೆ ಬೇಕಿತ್ತು. ಅಳತೆ ತಿಳಿಯದೆ ಆದಾಯ ತಿಳಿಯುವುದಿಲ್ಲವಷ್ಟೆ.

ನಮ್ಮ ಕೋಣೆಯಲ್ಲಿರುವ ಸೇರುಗಳು ಎರಡು. ಎರಡೂ ಮರದವು, ಬಾಯಿಗೆ ಹಿತ್ತಾಳೆಯ ಪಟ್ಟಿ ಬಡಿದವು, ಒಂದೇ ಮನೆಯಿಂದ ಬಂದವು. ನೋಡುವುದಕ್ಕೆ ಅವಳಿ ಮಕ್ಕಳಂತಿವೆ. ನಾನು 'ಸೇರು, ಧಾನ್ಯ ಅಳೆಯುವ ಸಾಧನ' ಎಂದು ಬರೆದು ಮುಂದಿನದಕ್ಕೆ ಹೋಗುವವನಿದ್ದೆ. ಆಗ ಕೋಣೆ ಗುಡಿಸಲು ಬರುವ ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಂಬತ್ತು ದಾಟಿದವರು, ಪ್ರಾಯಕಾಲದಲ್ಲಿ ಬೈಲಿನಲ್ಲಿ ನೇಜಿ ನೆಟ್ಟವರು, ಕೊಯ್ದವರು. ತುಳುವಿನಲ್ಲಿ ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ಮಾಷ್ಟ್ರೇ, ಇದರಲ್ಲಿ ಕೊಡುವ ಸೇರು ಯಾವುದು, ತೆಗೆದುಕೊಳ್ಳುವ ಸೇರು ಯಾವುದು?"

"ಎರಡೂ ಸೇರೇ ಅಲ್ಲವೇ ಅಮ್ಮಾ?" ಎಂದೆ.

ಅವರು ನಕ್ಕರು. "ಅಕ್ಕಿ ಹಾಕಿ ನೋಡಿ" ಎಂದರು.

ಅಕ್ಕಿ ತರಿಸಿದೆವು. ಒಂದು ಸೇರಿಗೆ ಬಾಯಿಮಟ್ಟ ತುಂಬಿಸಿ, ಕೋಲಿನಿಂದ ಸವರಿ, ಇನ್ನೊಂದಕ್ಕೆ ಸುರಿದೆವು. ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಅಕ್ಕಿ ಹೊರಗೆ ಉಳಿಯಿತು. ಮತ್ತೊಮ್ಮೆ ಅಳೆದೆವು, ಆಗಲೂ ಅಷ್ಟೇ. ಮಲಯಾಳ ಅಧ್ಯಾಪಕರು ತಮ್ಮ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆ ದಿನ ನಾವು ಮತ್ತೇನೂ ಬರೆಯಲಿಲ್ಲ.

ಆ ಮನೆಯವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಎರಡು ಸೇರುಗಳು ಎರಡು ಕಾಲದವಿರಬಹುದು, ಬೇರೆ ಬೇರೆ ಆಚಾರಿಗಳು ಕೊರೆದವಿರಬಹುದು. ಮರವೆಂದ ಮೇಲೆ ಸವೆಯುತ್ತದೆ, ಒಣಗಿ ಕುಗ್ಗುತ್ತದೆ. ಆದರೆ ಅಜ್ಜಿಯ ಪ್ರಶ್ನೆ ಒಬ್ಬರ ನೆನಪಿನಿಂದ ಮಾತ್ರ ಬಂದದ್ದಲ್ಲವೆಂಬುದಕ್ಕೆ ಚರಿತ್ರೆಯಲ್ಲಿ ಆಧಾರವಿದೆ. 1930ರ ದಶಕದಲ್ಲಿ ಮಲಬಾರಿನಲ್ಲಿ ರೈತ ಸಂಘಗಳು ಹುಟ್ಟಿಕೊಂಡಾಗ ಅವುಗಳ ಬೇಡಿಕೆಗಳಲ್ಲಿ ಅಕ್ರಮ ವಸೂಲಿ ನಿಲ್ಲಬೇಕು, ಒಕ್ಕಲೆಬ್ಬಿಸುವುದು ನಿಲ್ಲಬೇಕು ಎಂಬವುಗಳ ಜೊತೆಗೆ ಗೇಣಿಯ ಧಾನ್ಯವನ್ನು ಸರಿಯಾಗಿ ಅಳೆಯಬೇಕು ಎಂಬುದೂ ಇತ್ತು. ಒಂದು ಮುಷ್ಟಿಯ ವ್ಯತ್ಯಾಸವೆಂದರೆ ಸಣ್ಣದೆಂದು ತೋರಬಹುದು. ಸೇರಿಗೆ ಒಂದು ಮುಷ್ಟಿಯಾದರೆ ಮುಡಿಗೆ 42 ಮುಷ್ಟಿ. ಹತ್ತು ಮುಡಿ ಗೇಣಿಗೆ 420. ಆಟಿ ತಿಂಗಳ ಮಳೆಯಲ್ಲಿ ಕೆಲಸವೂ ಇಲ್ಲದೆ, ಹಂಡೆಯಲ್ಲಿ ಅಕ್ಕಿಯೂ ಇಲ್ಲದೆ ಕಳೆದ ಮನೆಗಳಿಗೆ ಅದು ಎಷ್ಟು ದಿನದ ಗಂಜಿ ಎಂದು ಓದುಗರೇ ಲೆಕ್ಕ ಹಾಕಬಹುದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ನಮ್ಮ ದಕ್ಷಿಣ ಕನ್ನಡದ ಕಡೆ ಗೇಣಿಯನ್ನು ಮುಡಿ ಅಕ್ಕಿಯಲ್ಲಿ ಎಣಿಸುವ ರೂಢಿಯಿತ್ತು. ಭತ್ತವನ್ನಲ್ಲ, ಅಕ್ಕಿಯನ್ನು. ಎಂದರೆ ಬೆಳೆದು, ಕೊಯ್ದು, ಬಡಿದು ಆದ ಮೇಲೂ ಗೇಣಿಯ ದುಡಿಮೆ ಮುಗಿಯುತ್ತಿರಲಿಲ್ಲ. ಭತ್ತ ಬೇಯಿಸಿ, ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಗೆರಸೆಯಲ್ಲಿ ಗೇರಿ, ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಬಳ್ಳಿಯಿಂದ ಬಿಗಿದು ಮುಡಿ ಕಟ್ಟಿ, ಹೊತ್ತು ಧಣಿಗಳ ಅಂಗಳಕ್ಕೆ ಮುಟ್ಟಿಸಬೇಕು. ನಮ್ಮ ಕೋಣೆಯಲ್ಲಿ ಒನಕೆಯನ್ನೂ ಗೆರಸೆಯನ್ನೂ 'ಅಡುಗೆಮನೆ' ಎಂಬ ಮೂಲೆಯಲ್ಲಿ ಇಟ್ಟಿದ್ದೇವೆ. ಅವು ಗೇಣಿಯ ಸಲಕರಣೆಗಳೂ ಹೌದು, ಅದನ್ನು ತೀರಿಸಿದವರಲ್ಲಿ ಹೆಂಗಸರ ಪಾಲು ದೊಡ್ಡದು ಎಂಬುದು ಆ ಮೂಲೆಯನ್ನು ನೋಡಿದವರಿಗೆ ಹೊಳೆಯುವುದಿಲ್ಲ. ನನಗೂ ಅಂದಿನವರೆಗೆ ಹೊಳೆದಿರಲಿಲ್ಲ.

ಈ ನೆಲದಲ್ಲಿ ಗೇಣಿಯ ಕಥೆ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಕಯ್ಯೂರು ಸಾಕ್ಷಿ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ ಊರು. 1941ರ ಮಾರ್ಚ್ 28ರಂದು ಅಲ್ಲಿ ರೈತರ ಮೆರವಣಿಗೆಗೆ ಎದುರಾದ ಪೋಲೀಸನೊಬ್ಬ ಹೊಳೆಯಲ್ಲಿ ಸತ್ತ. ಮಂಗಳೂರಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಮಲಯಾಳ ಮಾತಾಡುವ ಆ ರೈತರ ಕಥೆಯನ್ನು ಕಾದಂಬರಿಯಾಗಿ ಕನ್ನಡದಲ್ಲಿ ಬರೆದವರು ನಿರಂಜನ. ಅವರ 'ಚಿರಸ್ಮರಣೆ' 1955ರಲ್ಲಿ ಬಂತು. ಆಮೇಲೆ ಮಲಯಾಳಕ್ಕೂ ಹೋಯಿತು. ನಮ್ಮ ಎರಡು ಭಾಷೆಗಳ ನಡುವಿನ ನಂಟನ್ನು ಹೇಳುವಾಗ ಸಭೆಗಳಲ್ಲಿ ಹಾಡು, ಆಟ, ಕೋಲಗಳ ಹೆಸರು ಬರುತ್ತದೆ. ಈ ನಂಟಿನ ಹೆಸರೂ ಬರಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ನಮಗಾದ ನೋವನ್ನು ನಾವು ಬರೆದಿದ್ದೇವೆ, ಇನ್ನೂ ಬರೆಯುತ್ತಿದ್ದೇವೆ, ಅದು ಬರೆಯಬೇಕಾದದ್ದೇ. ಆದರೆ ಅದೇ ಕಾಲದ ಇನ್ನೊಂದು ಕಥೆ ನಮ್ಮ ಬರಹಗಳಲ್ಲಿ ಅಪರೂಪ. ಕೇರಳದ ಮೊದಲ ಭೂಸುಧಾರಣೆಯ ಕಾಯಿದೆಯನ್ನು ಪ್ರಶ್ನಿಸಿ ಹೊಸದುರ್ಗ, ಕಾಸರಗೋಡು ತಾಲೂಕುಗಳ ಭೂಮಾಲಿಕರು ಸುಪ್ರೀಂ ಕೋರ್ಟಿಗೆ ಹೋದರು. ಇಲ್ಲಿನದು ಮದರಾಸು ಆಡಳಿತದಿಂದ ಬಂದ ರೈತವಾರಿ ಭೂಮಿ. ಸಂವಿಧಾನದಲ್ಲಿ ಹೇಳಿದ 'ಎಸ್ಟೇಟ್' ಎಂಬ ಮಾತು ಇದಕ್ಕೆ ಸಲ್ಲದು ಎಂದು 1961ರ ಡಿಸೆಂಬರಿನಲ್ಲಿ ತೀರ್ಪಾಯಿತು. ಆ ಕಾಯಿದೆ ಈ ಭೂಮಿಗೆ ಅನ್ವಯವಾಗದೆ ಹೋಯಿತು. ಮುಂದೆ 1963ರ ಹೊಸ ಕಾಯಿದೆ, ರೈತವಾರಿ ಭೂಮಿಯನ್ನೂ ಆ ಮಾತಿನೊಳಗೆ ತಂದ 1964ರ 17ನೆಯ ಸಂವಿಧಾನ ತಿದ್ದುಪಡಿ, 1969ರ ಕೇರಳದ ತಿದ್ದುಪಡಿ ಇಷ್ಟೂ ಆದ ಬಳಿಕ, 1970ರ ಜನವರಿ 1ರಿಂದ ಗೇಣಿಭೂಮಿಯ ಮೇಲಿನ ಒಡೆಯರ ಹಕ್ಕು ಸರಕಾರಕ್ಕೆ ಸೇರಿ, ಒಕ್ಕಲುಗಳು ಅದನ್ನು ಪಡೆಯುವ ದಾರಿ ತೆರೆಯಿತು. ತಲಪಾಡಿಯ ಆಚೆ, ಕರ್ನಾಟಕದಲ್ಲಿ, ಆ ದಿನ ಬಂದದ್ದು 1974ರ ಮಾರ್ಚ್ 1ರಂದು. ಭಾಷೆಯ ಗಡಿಯನ್ನು ನಾವು ಅಷ್ಟು ಎಚ್ಚರದಿಂದ ಅಳೆದೆವು. ಅದೇ ಗಡಿಯ ಈಚೆ ಆಚೆ ಒಕ್ಕಲಿನ ಬದುಕಿನಲ್ಲಿ ಬಿದ್ದ ಈ ನಾಲ್ಕು ವರ್ಷಗಳ ಅಂತರವನ್ನು ಅಳೆಯಲಿಲ್ಲ.

ಅಷ್ಟರೊಳಗೆ ಸೇರೂ ಹೋಗಿತ್ತು. 1956ರ ಅಳತೆ ತೂಕಗಳ ಕಾಯಿದೆಯಿಂದ ಕಿಲೋ, ಲೀಟರುಗಳು ಬಂದವು. ಗೇಣಿಯೂ ನಿಂತ ಮೇಲೆ ಸೇರು, ಕಳಸೆಗಳು ಅಟ್ಟ ಸೇರಿದವು. ಅಟ್ಟವಿದ್ದ ಮನೆಗಳಲ್ಲಿ ಅವು ಉಳಿದವು ಎಂಬುದೇ ಮುಖ್ಯ ಮಾತು. ಒಕ್ಕಲಿನ ಮನೆಯ ನೇಗಿಲು ಸವೆದ ಮೇಲೆ ಒಲೆಗೆ ಹೋಯಿತು. ಮುಟ್ಟಾಳೆ, ಗೊರಬೆಗಳು ಒಂದೆರಡು ಮಳೆಗಾಲಕ್ಕೇ ಮುಗಿಯುವಂಥವು. ನಮ್ಮಲ್ಲಿರುವವು ಈಚೆಗೆ ಹೇಳಿ ಮಾಡಿಸಿದವು. ಹಿತ್ತಾಳೆ ಪಟ್ಟಿಯ ಸೇರು, ಹಲಸಿನ ಮರದ ಕಣಜ, ಕೆತ್ತನೆಯ ಪೆಟ್ಟಿಗೆಗಳು ಉಳಿದವು. ಹಾಗಾಗಿ ಇಂಥ ಕೋಣೆಗಳಲ್ಲಿ ಪಡೆದವರ ಸಾಮಾನು ಹೆಚ್ಚು, ಕೊಟ್ಟವರದ್ದು ಕಡಿಮೆ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಆದರೆ ಚೀಟಿ ಬರೆಯುವವನು ಅದನ್ನು ನೆನಪಿಡದಿದ್ದರೆ, ನೋಡಲು ಬರುವ ಶಾಲೆಯ ಮಕ್ಕಳಿಗೆ ಹಳೆಯ ಕಾಲವೆಂದರೆ ಹಿತ್ತಾಳೆಯೂ ಹಲಸಿನ ಮರವೂ ಎಂದಾಗುತ್ತದೆ.

ಕೊನೆಗೆ ಸೇರಿನ ಚೀಟಿಯ ವಿಷಯ ಊರವರ ಸಭೆಯಲ್ಲಿ ಚರ್ಚೆಗೆ ಬಂತು. ಪ್ರೀತಿಯಿಂದ ಕೊಟ್ಟವರಿಗೆ ನೋವಾಗಬಾರದೆಂದು ಕೆಲವರು ಹೇಳಿದರು. ಆ ಮಾತಿನಲ್ಲಿಯೂ ನ್ಯಾಯವಿತ್ತು. ನಾನೂ ಮಲಯಾಳ ಅಧ್ಯಾಪಕರೂ ಆ ಮನೆಗೇ ಹೋಗಿ, ಅಕ್ಕಿ ಅಳೆದು ನೋಡಿದ್ದನ್ನು ಹೇಳಿದೆವು. ಮನೆಯ ಈಗಿನ ಯಜಮಾನರು ತುಸು ಹೊತ್ತು ಸುಮ್ಮನಿದ್ದು, "ಇದ್ದದ್ದನ್ನು ಬರೆಯಿರಿ. ಮನೆಯ ಹೆಸರೊಂದು ಬೇಡ" ಎಂದರು. ಚಹಾ ಕುಡಿದು ಬಂದೆವು.

ಈಗ ಆ ಎರಡು ಸೇರುಗಳ ಮುಂದಿರುವ ಚೀಟಿಯ ಕನ್ನಡ ಪಾಠ ಹೀಗಿದೆ: 'ಸೇರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಗೇಣಿಯನ್ನೂ ಕೂಲಿಯನ್ನೂ ಸೇರಿನಿಂದ ಅಳೆಯುತ್ತಿದ್ದರು. ಈ ಎರಡು ಸೇರುಗಳು ಒಂದೇ ಮನೆಯವು. ಒಂದರಲ್ಲಿ ಇನ್ನೊಂದಕ್ಕಿಂತ ಒಂದು ಮುಷ್ಟಿ ಅಕ್ಕಿ ಹೆಚ್ಚು ಹಿಡಿಯುತ್ತದೆ.' ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಅಕ್ಕಿ ಇಟ್ಟಿದ್ದೇವೆ. ಮಕ್ಕಳು ಬಂದಾಗ ತಾವೇ ಅಳೆದು ನೋಡುತ್ತಾರೆ. ಉಳಿದ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಇದು ಯಾರದ್ದು ಎಂದು ಕೆಲವರು ಕನ್ನಡದಲ್ಲಿ ಕೇಳುತ್ತಾರೆ, ಕೆಲವರು ಮಲಯಾಳದಲ್ಲಿ.