ಮೊದಲು ಔಷಧಿ, ಆಮೇಲೆ ಶಸ್ತ್ರಚಿಕಿತ್ಸೆ: ಉರಿಯೂತದ ಸ್ತನ ಕ್ಯಾನ್ಸರಿನ ನೂರು ವರ್ಷ

ಸ್ತನ ಕ್ಯಾನ್ಸರ್ ಎಂದರೆ ಗಂಟು ಎಂಬುದೇ ನಮ್ಮೆಲ್ಲರ ತಿಳಿವಳಿಕೆ. ಆದರೆ ಉರಿಯೂತದ ಸ್ತನ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಗಂಟು ಕೈಗೆ ಸಿಗುವುದೇ ಇಲ್ಲ. ಕೆಲವೇ ವಾರಗಳಲ್ಲಿ ಸ್ತನ ಊದಿಕೊಂಡು ಕೆಂಪಾಗುತ್ತದೆ, ಮುಟ್ಟಿದರೆ ಬಿಸಿ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕುಳಿ ಬೀಳುತ್ತದೆ. ಇದು ಸೋಂಕಲ್ಲ. ಕ್ಯಾನ್ಸರ್ ಕೋಶಗಳ ಗುಂಪುಗಳು ಚರ್ಮದ ದುಗ್ಧರಸ ನಾಳಗಳನ್ನು ಕಟ್ಟಿಹಾಕುವುದರಿಂದ ಬರುವ ಊತ. ಅಮೆರಿಕದಲ್ಲಿ ಪತ್ತೆಯಾಗುವ ಸ್ತನ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇ. 1ರಿಂದ 5.

ಚರ್ಮದ ಬಣ್ಣ ನೇರಳೆಗೆ ತಿರುಗುವುದು ಕೆಟ್ಟ ಸೂಚನೆಯೆಂದು ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ 1814ರಲ್ಲೇ ಗುರುತಿಸಿದ್ದರು. ಈಗಿನ ಹೆಸರು ಬಂದದ್ದು 1924ರಲ್ಲಿ, ವೈದ್ಯರಾದ ಲೀ ಮತ್ತು ಟ್ಯಾನೆನ್‌ಬಾಮ್ ಅವರ ಬರಹದಿಂದ. ಆಗ ಇದ್ದ ದಾರಿ ಶಸ್ತ್ರಚಿಕಿತ್ಸೆ. ಸ್ತನ ತೆಗೆದರೂ ರೋಗ ಬೇಗನೆ ಮರುಕಳಿಸುತ್ತಿತ್ತು. ಐದು ವರ್ಷ ಬದುಕಿದವರು ನೂರಕ್ಕೆ ಐವರೂ ಇರಲಿಲ್ಲ. 1943ರಲ್ಲಿ ವೈದ್ಯರಾದ ಹಾಗೆನ್ಸನ್ ಮತ್ತು ಸ್ಟೌಟ್ ಇದನ್ನು ಶಸ್ತ್ರಚಿಕಿತ್ಸೆ ಸಲ್ಲದ ರೋಗಗಳ ಪಟ್ಟಿಗೇ ಸೇರಿಸಿದರು.

ರೋಗದ ಗತಿ ಬದಲಾದದ್ದು 1970ರ ದಶಕದಲ್ಲಿ, ಚಿಕಿತ್ಸೆಯ ಕ್ರಮವನ್ನೇ ತಿರುವುಹಾಕಿದಾಗ. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕೇಂದ್ರದ ವೈದ್ಯರು ಮೊದಲು ಕೀಮೋಥೆರಪಿ ಕೊಟ್ಟು ಕೆಂಪು, ಊತ ಇಳಿಸಿದರು. ಆಮೇಲೆ ಶಸ್ತ್ರಚಿಕಿತ್ಸೆ, ವಿಕಿರಣ. ಕೋಶಗಳು ಆಗಲೇ ಮೈಯಲ್ಲಿ ಹರಡಿರುವ ರೋಗಕ್ಕೆ ಇಡೀ ಮೈಗೆ ತಲುಪುವ ಔಷಧಿಯೇ ಮೊದಲು ಬೇಕಿತ್ತು. ಅಲ್ಲಿನ 178 ರೋಗಿಗಳ ಇಪ್ಪತ್ತು ವರ್ಷಗಳ ಅನುಭವ 1997ರಲ್ಲಿ ಪ್ರಕಟವಾಯಿತು: ಶೇ. 28ರಷ್ಟು ಜನ ಹದಿನೈದು ವರ್ಷ ದಾಟಿಯೂ ರೋಗಮುಕ್ತರಾಗಿದ್ದರು. ಮೊದಲ ಕೀಮೋಗೆ ಚೆನ್ನಾಗಿ ಸ್ಪಂದಿಸಿದವರ ಭವಿಷ್ಯ ಇನ್ನೂ ಉತ್ತಮವಾಗಿತ್ತು.

ಮುಂದಿನ ತೊಡಕು ರೋಗವನ್ನು ಗುರುತಿಸುವುದರಲ್ಲಿತ್ತು. ಟ್ಯುನೀಶಿಯಾದಲ್ಲಿ ಒಂದು ಕಾಲಕ್ಕೆ ಅರ್ಧದಷ್ಟು ಸ್ತನ ಕ್ಯಾನ್ಸರುಗಳನ್ನು ಈ ಗುಂಪಿಗೆ ಸೇರಿಸಲಾಗಿತ್ತು. ಕಟ್ಟುನಿಟ್ಟಿನ ಮಾನದಂಡ ಬಂದ ಮೇಲೆ ಪ್ರಮಾಣ ತೀರಾ ಇಳಿಯಿತು. ಆರು ತಿಂಗಳೊಳಗೆ ಕಾಣಿಸಿಕೊಂಡು, ಸ್ತನದ ಮೂರನೇ ಒಂದು ಭಾಗವನ್ನಾದರೂ ಕೆಂಪು ಆವರಿಸಿರಬೇಕು, ಬಯಾಪ್ಸಿ ಕ್ಯಾನ್ಸರನ್ನು ದೃಢಪಡಿಸಬೇಕು ಎಂದು ಅಂತರರಾಷ್ಟ್ರೀಯ ತಜ್ಞರ ತಂಡ 2011ರಲ್ಲಿ ನಿಗದಿಪಡಿಸಿತು.

ಇಂದು ಕೋಶದ ಸ್ವಭಾವವೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಹರ್-2 ಪ್ರೋಟೀನ್ ಹೆಚ್ಚಿರುವವರಿಗೆ ಅದನ್ನೇ ಗುರಿಯಾಗಿಸುವ ಟ್ರಾಸ್ಟುಜುಮ್ಯಾಬ್ ಔಷಧಿ ದೊಡ್ಡ ಆಸರೆಯಾಗಿದೆ. ಹಾರ್ಮೋನ್ ಗ್ರಾಹಕಗಳೂ ಇಲ್ಲದ, ಹರ್-2 ಕೂಡ ಹೆಚ್ಚಿರದ ‘ಟ್ರಿಪಲ್ ನೆಗೆಟಿವ್’ ಬಗೆಯವರ ಹಾದಿ ಇನ್ನೂ ಕಠಿಣ.

ಗೊತ್ತಿರುವ ಚಿಕಿತ್ಸೆಯೂ ಎಲ್ಲರಿಗೆ ದಕ್ಕುತ್ತಿಲ್ಲ. ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ಕೀಮೋ, ಶಸ್ತ್ರಚಿಕಿತ್ಸೆ, ವಿಕಿರಣ ಮೂರನ್ನೂ ಪಡೆದವರಲ್ಲಿ ಶೇ. 55ರಷ್ಟು ಜನ ಐದು ವರ್ಷ, ಶೇ. 37ರಷ್ಟು ಜನ ಹತ್ತು ವರ್ಷ ಬದುಕಿದ್ದರು. 1998ರಿಂದ 2010ರ ನಡುವಿನ ಯಾವ ವರ್ಷದಲ್ಲೂ ಮುಕ್ಕಾಲು ಪಾಲು ರೋಗಿಗಳಿಗಾದರೂ ಈ ಮೂರೂ ಸಿಕ್ಕಿರಲಿಲ್ಲ. ಚಿಕಿತ್ಸೆ ದಕ್ಕಬೇಕಾದರೆ ಮೊದಲು ರೋಗ ಪತ್ತೆಯಾಗಬೇಕು, ಆದರೆ ನೋಡಲು ಇದು ಸೋಂಕಿನಂತೆಯೇ ಕಾಣುತ್ತದೆ. ಆದ್ದರಿಂದ, ಒಂದು ವಾರ ಆಂಟಿಬಯಾಟಿಕ್ ತೆಗೆದುಕೊಂಡರೂ ಸ್ತನದ ಕೆಂಪು ಇಳಿಯದಿದ್ದರೆ ಇನ್ನೊಂದು ಕೋರ್ಸ್ ಬರೆಸಿಕೊಂಡು ಕಾಯಬಾರದು. ಬಯಾಪ್ಸಿ ಮಾಡಿಸಬೇಕು. ಬೇಗ ಗುರುತಿಸಿ ಗೊತ್ತಿರುವ ಮೂರೂ ಚಿಕಿತ್ಸೆ ಕೊಟ್ಟರೆ, ಹೊಸ ಔಷಧಿಗಾಗಿ ಕಾಯದೆ ಇಂದೇ ಉಳಿಸಬಹುದಾದ ಜೀವಗಳಿವೆ.