ಪೆಂಗ್ವಿನ್‌ಗೂ ಪೊರೆ ಆಪರೇಷನ್: 110 ವರ್ಷದ ಒಂದು ಸಾಲದ ಕಥೆ

ನಿಮ್ಮನೇಲಿ ಅಜ್ಜಿನೋ ತಾತನೋ ಕಣ್ಣಿನ ಪೊರೆ ಆಪರೇಷನ್ ಮಾಡಿಸ್ಕೊಂಡಿರ್ತಾರೆ ಅಲ್ವಾ? ಕಪ್ಪು ಕನ್ನಡಕ, ಹೊತ್ತು ಹೊತ್ತಿಗೆ ಡ್ರಾಪ್ಸ್, ತಲೆಗೆ ನೀರು ಹಾಕ್ಕೋಬೇಡಿ ಅನ್ನೋ ಎಚ್ಚರಿಕೆ. ಅದೇ ಆಪರೇಷನ್ ಈಗ ಪೆಂಗ್ವಿನ್‌ಗಳಿಗೂ ನಡೆಯುತ್ತೆ. ಈ ಕಥೆ ಶುರುವಾಗೋದು ತಿಮಿಂಗಿಲ ಬೇಟೆಯ ಹಡಗಿನಿಂದ.

ಅದು 1914. ಸ್ಕಾಟ್ಲೆಂಡಿನ ಎಡಿನ್‌ಬರೋ ಮೃಗಾಲಯ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಕಡೆ ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಸಾಲ್ವೆಸನ್ ಕಂಪನಿಯ ಹಡಗಿನಲ್ಲಿ ಕಿಂಗ್ ಪೆಂಗ್ವಿನ್‌ಗಳು ಅಲ್ಲಿಗೆ ಬಂದವು. 1919ರಲ್ಲಿ ಅಲ್ಲೇ ಒಂದು ಮರಿಯೂ ಹುಟ್ಟಿತು.

ಮೃಗಾಲಯಗಳಿಗೆ ಆಗ ಮೊದಲ ಚಿಂತೆ ಜೀವ ಉಳಿಸೋದು. ಆಸ್ಪರ್ಜಿಲಸ್ ಅನ್ನೋ ಬೂಷ್ಟು ಶ್ವಾಸಕೋಶಕ್ಕೆ ಹತ್ತಿದರೆ ಹಕ್ಕಿ ಉಳಿಯೋದು ಕಷ್ಟ. ಸೊಳ್ಳೆ ಕಚ್ಚಿದರೆ ಹಕ್ಕಿ ಮಲೇರಿಯಾ. ಕ್ರಮೇಣ ಸೋಸಿದ ಗಾಳಿ, ತಂಪು ಕೋಣೆ, ವಿಟಮಿನ್ ಸೇರಿಸಿದ ಮೀನು ಬಂದವು. ಪೆಂಗ್ವಿನ್‌ಗಳು ಮುಪ್ಪಿನವರೆಗೂ ಬದುಕಿದವು. ಮುಪ್ಪಿನ ಜೊತೆ ಪೊರೆಯೂ ಬಂತು.

ಸಮುದ್ರದಲ್ಲಿ ಕಣ್ಣು ಹೋದ ಪೆಂಗ್ವಿನ್ ಹೆಚ್ಚು ದಿನ ಬದುಕಲ್ಲ. ಮೀನು ಹಿಡಿಯೋಕಾಗಲ್ಲ, ಸೀಲ್ ಬಂದ್ರೆ ತಪ್ಪಿಸಿಕೊಳ್ಳೋಕಾಗಲ್ಲ. ಮೃಗಾಲಯದಲ್ಲಿ ಕೈಯಾರೆ ತಿನ್ನಿಸೋರು ಇರ್ತಾರೆ, ಹಾಗಾಗಿ ಕುರುಡಾದ್ರೂ ವರ್ಷಗಟ್ಟಲೆ ಬದುಕುತ್ತೆ.

ಇದರ ಕಣ್ಣೇ ವಿಶೇಷ. ನಾವು ನೀರೊಳಗೆ ಕಣ್ಣು ಬಿಟ್ಟರೆ ಎಲ್ಲಾ ಮಸುಕು, ಯಾಕಂದ್ರೆ ನಮ್ಮ ಕಾರ್ನಿಯಾದ ಶಕ್ತಿ ನೀರಲ್ಲಿ ಕೆಲಸ ಮಾಡಲ್ಲ. ಪೆಂಗ್ವಿನ್‌ನ ಕಾರ್ನಿಯಾ ಚಪ್ಪಟೆ. ಬೆಳಕನ್ನು ಕೂಡಿಸುವ ಹೆಚ್ಚಿನ ಕೆಲಸ ಒಳಗಿನ ಲೆನ್ಸ್‌ನದು. ಜೇಕಬ್ ಸಿವಾಕ್ ಮತ್ತು ಮಿಶೆಲ್ ಮಿಲೊಡೊ 1977ರಲ್ಲಿ ಇದನ್ನು ಅಳೆದು, ಗಾಳಿ, ನೀರು ಎರಡರಲ್ಲೂ ಅದು ಚೆನ್ನಾಗಿ ನೋಡಬಲ್ಲದು ಅಂತ ತೋರಿಸಿದರು. ಪೊರೆ ಕಟ್ಟೋದು ಅದೇ ಲೆನ್ಸ್‌ಗೆ.

ಹಾಗಾದ್ರೆ ನಮ್ಮ ಹಾಗೇ ಲೆನ್ಸ್ ಬದಲಾಯಿಸಬಹುದಲ್ಲ? ಮನುಷ್ಯರಿಗೆ ಮೊದಲು ಕೃತಕ ಲೆನ್ಸ್ ಹಾಕಿದ್ದು ಹೆರಾಲ್ಡ್ ರಿಡ್ಲಿ, 1949ರಲ್ಲಿ, ಲಂಡನ್ನಿನಲ್ಲಿ. ಯುದ್ಧವಿಮಾನದ ಪರ್‌ಸ್ಪೆಕ್ಸ್ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಉಳಿದರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಹಕ್ಕಿಗಳಲ್ಲಿ ಮಾತ್ರ ತೊಡಕು ಜಾಸ್ತಿ. ಪಾಪೆ ಹಿಗ್ಗಿಸೋಕೆ ನಮಗೆ ಹಾಕೋ ಡ್ರಾಪ್ಸ್ ಅವಕ್ಕೆ ನಾಟಲ್ಲ, ಪಾಪೆಯ ಸ್ನಾಯುವೇ ಬೇರೆ ಥರದ್ದು. ಅಳತೆಯ ಲೆನ್ಸ್ ಅಂಗಡೀಲಿ ಸಿಗಲ್ಲ. ಹಾಗಾಗಿ ಪೊರೆಗಟ್ಟಿದ ಲೆನ್ಸ್ ತೆಗೆದು ಅಷ್ಟಕ್ಕೇ ಬಿಡೋದು ರೂಢಿ. ಬೆಳಕು ಒಳಗೆ ಹೋಗುತ್ತೆ, ನೋಟ ಸುಧಾರಿಸುತ್ತೆ, ಆದರೆ ಪೂರ್ತಿ ಸ್ಪಷ್ಟ ಆಗಲ್ಲ.

2024ರ ಆರಂಭದಲ್ಲಿ ಸಿಂಗಾಪುರದ ಮಂಡಾಯ್ ಸಂಸ್ಥೆ ಒಂದು ಸುದ್ದಿ ಕೊಟ್ಟಿತು. ಅಲ್ಲಿನ ಆರು ಪೆಂಗ್ವಿನ್‌ಗಳಿಗೆ ಪೊರೆ ಆಪರೇಷನ್ ಆಗಿತ್ತು. ಮೂರು ಹಂಬೋಲ್ಟ್ ಪೆಂಗ್ವಿನ್‌ಗಳಿಗೆ ಬರೀ ಪೊರೆ ತೆಗೆದರು. ವಯಸ್ಸಾದ ಮೂರು ಕಿಂಗ್ ಪೆಂಗ್ವಿನ್‌ಗಳಿಗೆ ಅಳತೆ ಕೊಟ್ಟು ಜರ್ಮನಿಯಲ್ಲಿ ಮಾಡಿಸಿದ ಲೆನ್ಸ್ ಕೂರಿಸಿದರು. ಪೆಂಗ್ವಿನ್‌ಗೆ ಇಂಥ ಲೆನ್ಸ್ ಹಾಕಿದ್ದು ಜಗತ್ತಿನಲ್ಲೇ ಮೊದಲು ಅಂತ ಸಂಸ್ಥೆ ಹೇಳಿತು. ಆಪರೇಷನ್ ಆದ ಮೇಲೆ ನೀರಿಗಿಳಿಸದೆ, ಡ್ರಾಪ್ಸ್ ಹಾಕಿ ನೋಡಿಕೊಂಡರು. ಥೇಟ್ ನಮ್ಮ ಅಜ್ಜಿಯ ಹಾಗೆ!

ಇದನ್ನು ಕೇಳಿ ಕೆಲವರು, "ಒಂದು ಹಕ್ಕಿಗೆ ಇಷ್ಟೆಲ್ಲಾ ಖರ್ಚು ಬೇಕಾ?" ಅಂತಾರೆ. ಬೇಕು ಅಂತೀನಿ ನಾನು. ಸಮುದ್ರದಿಂದ ತಂದಿದ್ದು ನಾವು. ಅವುಗಳ ಆಯಸ್ಸು ಬೆಳೆಸಿದ್ದೂ ನಾವೇ. ಆ ಆಯಸ್ಸನ್ನು ಕತ್ತಲಲ್ಲಿ ಕಳೀಲಿ ಅಂತ ಬಿಡೋದು ನ್ಯಾಯ ಅಲ್ಲ. ಇದು ನಾವು ತೋರಿಸೋ ದಯೆ ಅಲ್ಲ, ತೀರಿಸಬೇಕಾದ ಸಾಲ.

ಈ ಸಾಲ ನಮ್ಮ ದೇಶಕ್ಕೂ ಬಂದಿದೆ. 2016ರಲ್ಲಿ ಮುಂಬೈನ ಬೈಕುಲಾ ಮೃಗಾಲಯಕ್ಕೆ ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು, ಅಲ್ಲೇ ಮರಿಗಳೂ ಆಗಿವೆ. ಮುಂದೆ ಅವಕ್ಕೂ ಮುಪ್ಪು ಬರುತ್ತೆ. ಅಲ್ಲಿಗೆ ಹೋದರೆ ಸೆಲ್ಫಿ ತೆಗೆದುಕೊಳ್ಳಿ, ಪರವಾಗಿಲ್ಲ. ಫ್ಲ್ಯಾಶ್ ಆಫ್ ಮಾಡಿ, ಅವುಗಳ ಕಣ್ಣನ್ನೂ ಒಮ್ಮೆ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.